ಎದುರುಗಾಳಿಯಲ್ಲಿ ಎಲೆಗಾಡಿ

ಹತ್ತಿಮತ್ತೂರಿನ ಸಮತಾಳಿಗೆ ಬೈಗುಳ ಹೊಸದಲ್ಲ. ಟ್ರ್ಯಾಕ್ಟರ್ ಏರಿದಾಗ ಬೈಸಿಕೊಂಡಿದ್ದಳು. ಬಂದ ವರಗಳನ್ನು ಬೇಡವೆಂದಾಗ ಬೈಸಿಕೊಂಡಿದ್ದಳು. ಪಂಚಾಯಿತಿಯ ಕಸದ ಗಾಡಿ ಓಡಿಸುವಾಗ ಕಸ ಹಾಕುವವರಿಂದಲೇ ಬೈಸಿಕೊಂಡಿದ್ದಳು. ಅದನ್ನೆಲ್ಲ ಬಟ್ಟೆಗೆ ಹತ್ತಿದ ಧೂಳಿನಂತೆ ಕೊಡವಿಕೊಂಡು ಬಂದವಳು ಅವಳು. ಆದರೆ ಆ ಆಷಾಢದಲ್ಲಿ ಅವಳ ಮೇಲೆ ಬಿದ್ದದ್ದು ಬೈಗುಳವಲ್ಲ, ತೀರ್ಪು. ಎಲೆಗಾಡಿ ನಡುದಾರಿಯಲ್ಲಿ ನಿಂತದ್ದಕ್ಕೆ ಅವಳ ಕಾಲೇ ಕಾರಣವೆಂದು ಸವಣೂರಿನಲ್ಲಿ ಕೂತವರು ನಿರ್ಧರಿಸಿಬಿಟ್ಟಿದ್ದರು. ಶ್ರಾವಣ ಹುಟ್ಟುವ ಮೊದಲು ಗಾಡಿಯನ್ನು ಬೇರೆಯವರಿಗೆ ಒಪ್ಪಿಸುವುದೆಂದೂ ಮಾತಾಗಿತ್ತು.

ಅವಳ ಅಪ್ಪ ಗಿರಿಯಪ್ಪ ಪರರ ಹೊಲದಲ್ಲಿ ಗಳೆ ಹೊಡೆದು ಬದುಕಿದವನು. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಈ ಮಗಳು ಹುಟ್ಟಿದಳು. ಶಾಲೆಯಲ್ಲಿ ಹೆಸರು ಬರೆಸುವಾಗ ಮಾಸ್ತರರು, "ನಿಮ್ಮ ಓಣ್ಯಾಗ ಇಂಥಾ ಹೆಸರು ಯಾರರ ಇಡ್ತಾರೇನೋ?" ಎಂದು ನಕ್ಕಿದ್ದರಂತೆ. "ಇನ್ನ ಮ್ಯಾಲೆ ಇಡ್ತಾರ ಬರಕೋರಿ" ಎಂದಿದ್ದ ಗಿರಿಯಪ್ಪ. ಮಗಳಿಗೆ ಅವನು ದೊಡ್ಡ ಉಪದೇಶವನ್ನೇನೂ ಮಾಡಲಿಲ್ಲ. ಯಾರಾದರೂ ಕೆಳಗೆ ಕೂಡು, ಹಿಂದೆ ಸರಿ ಎಂದರೆ, ಸರಿಯುವ ಮೊದಲು 'ಯಾಕ' ಎಂದು ಕೇಳಬೇಕು ಎಂದಷ್ಟೇ ಕಲಿಸಿದ. ಅವಳು ಕೇಳುವುದನ್ನು ಕಲಿತಳು, ಸರಿಯುವುದನ್ನು ಕಲಿಯಲಿಲ್ಲ.

ಸವಣೂರಿನ ವೀಳ್ಯದೆಲೆ ತೋಟದ ಹೆಣ್ಣುಮಕ್ಕಳು ಕೂಡಿ ಒಂದು ಸಂಘ ಮಾಡಿಕೊಂಡು ಕರೆಂಟಿನ ಸಣ್ಣ ಲಾರಿ ಕೊಂಡಾಗ ಅದನ್ನು ಓಡಿಸಲು ಗಂಡಸರು ಯಾರೂ ಮುಂದೆ ಬರಲಿಲ್ಲ. ಡೀಸೆಲ್ ಲಾರಿಯಲ್ಲಿ ತಲೆ ನರೆಸಿಕೊಂಡ ಫಕ್ಕೀರೇಶ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರಾಗ ಸಪ್ಪಳನ ಇಲ್ಲಲ್ಲೋ ಮಾರಾಯ. ಜೀವ ಐತೋ ಹೋಗೇತೋ ಹೆಂಗ ತಿಳೀಬೇಕು?" ಎಂದು ಹೋಗಿಬಿಟ್ಟ. ಕಸದ ಗಾಡಿ ಬಿಟ್ಟು ಸಮತಾ ಬಂದಳು. ಆಗಲೂ ಸಂಘದಲ್ಲೊಬ್ಬಳು ಸೆರಗು ಸರಿಪಡಿಸಿಕೊಳ್ಳುತ್ತ, "ದೇವರ ಮುಂದ ಇಡೂ ಎಲಿ ಅದು..." ಎಂದು ಮಾತು ಅರ್ಧಕ್ಕೆ ಬಿಟ್ಟಿದ್ದಳು. ಅರ್ಧ ಮಾತಿನ ಪೂರ್ತಿ ಅರ್ಥ ಎಲ್ಲರಿಗೂ ಆಗಿತ್ತು. ಸಂಘದ ಅಧ್ಯಕ್ಷೆ ಹುಸೇನಬಿ ತಟ್ಟನೆ ಕೇಳಿದಳು: "ನಮ್ಮಜ್ಜನ ಕಾಲದಿಂದ ಆ ಎಲಿ ಕೊಯ್ಯಾವ್ರು ನಾವು. ನಿಮ್ಮ ದೇವರು ಇನ್ನೂತನ ಒಂದ್ ದಿನಾನೂ ವಾಪಸ್ ಕಳಿಸಿಲ್ಲಲ್ಲ?" ಸಮತಾ ಕೀಲಿ ಪಡೆದದ್ದು ಹೀಗೆ.

ಗಾಡಿಯ ದಾರಿ ಸವಣೂರಿನಿಂದ ಶಿಗ್ಗಾಂವಿ, ಅಲ್ಲಿಂದ ಬಂಕಾಪುರದ ಮೇಲೆ ಹಾನಗಲ್ಲು, ಕೊನೆಗೆ ಹಿರೇಕೆರೂರು. ಎಲ್ಲ ಸೇರಿ ನೂರು ಕಿಲೋಮೀಟರಿನ ಆಚೀಚೆ. ಒಮ್ಮೆ ಚಾರ್ಜ್ ಮಾಡಿದರೆ ಗಾಡಿ ನೂರಾ ಅರವತ್ತು ಓಡುತ್ತದೆ ಎಂದು ಜಾಹೀರಾತು ಹೇಳಿತ್ತು. ಹಿರೇಕೆರೂರಿನಲ್ಲಿ ಚಾರ್ಜ್ ಮಾಡಿಕೊಂಡು ಖಾಲಿ ಗಾಡಿ ಮರಳಿ ತಂದರಾಯಿತು. ಬೇಸಿಗೆಯಲ್ಲಿ ಹೇಗೋ ನಡೆಯಿತು. ಊರು ಮುಟ್ಟುವಾಗ ಬ್ಯಾಟರಿಯಲ್ಲಿ ಉಳಿಯುತ್ತಿದ್ದದ್ದು ಜಾಹೀರಾತಿನ ಲೆಕ್ಕಕ್ಕೆ ಎಂದೂ ಕೂಡಲಿಲ್ಲ. ಗಾಡಿ ಮುಟ್ಟುತ್ತಿದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಷಾಢದ ಗಾಳಿ ಎದ್ದ ಮೇಲೆ ಒಂದು ದಿನ ತಿಳವಳ್ಳಿ ದಾಟಿದ ಏರಿನಲ್ಲಿ ಗಾಡಿ ನಿಂತೇಬಿಟ್ಟಿತು. ಅಂದು ಮುಂಜಾನೆ ಸ್ಟಿಯರಿಂಗಿನ ಮುಂದಿನ ಫಲಕ ನೂರಾ ನಲವತ್ತು ಓಡುತ್ತೇನೆಂದು ಮಾತು ಕೊಟ್ಟಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹಿರೇಕೆರೂರು ಮುಟ್ಟುವಷ್ಟರಲ್ಲಿ ಸಂತೆ ಕರಗಿತ್ತು. ಎಲೆ ಕೊಳ್ಳುವವರು ಬೇರೆ ಕಡೆ ಕೊಂಡಾಗಿತ್ತು.

ಮರುದಿನ ಗಾಡಿ ಮಾರಿದ ಅಂಗಡಿಯಿಂದ ಅತೀಕ ಸಂಘದ ಸಭೆಗೆ ಬಂದ. ಎಂಜಿನಿಯರಿಂಗ್ ಓದಿದ ಹುಡುಗ, ಮಾತು ಮೆತ್ತಗೆ. ಮೊಬೈಲು ತೆರೆದು ನೋಡಿ, "ಬ್ಯಾಟರಿ ಚೊಲೋ ಐತ್ರಿ. ಮೋಟರ್ ಚೊಲೋ ಐತಿ. ಡ್ರೈವಿಂಗ್ ಮಾರ್ಕ್ಸ್ ಕಮ್ಮಿ ಬಂದಾವ ನೋಡ್ರಿ" ಎಂದ.

"ಯಾರ ಕೊಟ್ರು ಮಾರ್ಕ್ಸು?" ಕೇಳಿದಳು ಸಮತಾ.

"ಯಾಪ್ ಕೊಡ್ತೇತಿ ಅಕ್ಕಾ. ಎಕ್ಸಲೇಟರ್ ಜ್ವಾರ್ ಒತ್ತಿದ್ರ ಕಮ್ಮಿ ಆಕ್ಕಾವು."

"ಏರಿನ್ಯಾಗ ಒತ್ತದ ಹೆಂಗ ಹೋಗೂದು? ಇಳದು ನೂಕಲೇನು?"

ಕೂತವರು ನಕ್ಕರು. ನಗುವಿನ ನಡುವೆಯೇ ಕೆಲಸ ಕೆಟ್ಟಿತು. ಹೆಣ್ಣಿನ ಕಾಲು ಭಾರ, ಹೆದರಿ ಒತ್ತುತ್ತಾಳೆ, ಹೆದರಿ ಬ್ರೇಕು ಹಾಕುತ್ತಾಳೆ ಎಂದು ಫಕ್ಕೀರೇಶ ವಿವರಿಸಿದ. ಈಗ ಗಾಡಿಯನ್ನು ಓಡಿಸಲು ತಾನು ತಯಾರು ಎಂದೂ ಸೇರಿಸಿದ. ಗಾಡಿಗೆ ಜೀವ ಇರುವುದು ಅಷ್ಟರಲ್ಲಿ ಅವನಿಗೆ ತಿಳಿದಿತ್ತು. ಚಾಲಕಿಯ ತಪ್ಪಿನಿಂದ ಗಾಡಿ ನಿಂತಿತೆಂದು ಸಮತಾ ಒಪ್ಪಿಕೊಂಡರೆ ಅಂಗಡಿಯವರು ಬಿಟ್ಟಿ ತರಬೇತಿ ಕೊಡುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದ ಅತೀಕ.

ಸಮತಾ ಎದ್ದು ನಿಂತಳು. "ಒಪ್ಪಂಗಿಲ್ಲ. ನನ್ನ ಕಾಲು ಭಾರ ಅಂದ್ರ ಹಗೂರ ಕಾಲಿನವ್ರು ಓಡಸ್ಲಿ, ನಾ ಬಾಜೂಕ ಕುಂದರ್ತೇನಿ. ಅದ ದಾರಿ, ಅದ ಹೊರಿ, ಅದ ಗಾಳಿ. ಅತೀಕಣ್ಣ ಕಾರಿನ್ಯಾಗ ಹಿಂದ ಬರ್ಲಿ. ಹುಸೇನಬಿ ಅಕ್ಕಾರ, ನೀವೂ ಬರಬೇಕು. ಬರಾಕ ವಲ್ರಿ ಅಂದ್ರ ನನ್ನ ತಪ್ಪು ಅನ್ನೂದನ್ನೂ ಬಿಡ್ರಿ."

"ನನಗ್ಯಾಕ ಎಳೀತಿ ಬೇಟಿ? ಕಾರಿನ್ಯಾಗ ವಾಂತಿ ಬರ್ತೇತಿ ನನಗ" ಎಂದಳು ಹುಸೇನಬಿ. ಆದರೂ ಬಂದಳು, ಒಂದು ಲಿಂಬೆಹಣ್ಣು ಹಿಡಿದುಕೊಂಡು.

ಅಂದು ಹೊರೆ ಎಂದಿನಂತೆಯೇ ಏರಿತು. ಎಲೆಯ ಕಟ್ಟುಗಳನ್ನು ಬಾಳೆಲೆ ಹಾಸಿದ ಬುಟ್ಟಿಗಳಲ್ಲಿ ಒತ್ತಾಗಿ ತುಂಬಿ, ಮೇಲೆ ಗೋಣಿತಟ್ಟು ಸುತ್ತಿ, ಕೊಡಗಟ್ಟಲೆ ನೀರು ಹೊಯ್ದು, ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸುವುದು ವಾಡಿಕೆ. ಹಾನಗಲ್ಲಿನಲ್ಲಿ ಇನ್ನೊಮ್ಮೆ ನೀರು ಹೊಯ್ಯಬೇಕು. ಬುಟ್ಟಿಯಿಂದ ನೀರು ತೊಟ್ಟಿಕ್ಕದಿದ್ದರೆ ಎಲೆ ಹಳೆಯದು ಎಂದು ಹಿರೇಕೆರೂರಿನವರು ಮುಖ ತಿರುಗಿಸುತ್ತಾರೆ.

ಫಕ್ಕೀರೇಶ ಶಿಗ್ಗಾಂವಿಯ ತನಕ ನಾಜೂಕಾಗಿ ಓಡಿಸಿದ. ಹೆದ್ದಾರಿ ಸಿಕ್ಕಿದ್ದೇ ತಡ, ಡೀಸೆಲ್ ಲಾರಿಯ ದಿನಗಳು ಅವನ ಕಾಲಿಗೆ ನೆನಪಾದವು. ಬಂಕಾಪುರದ ತನಕ ಮುಂದಿದ್ದ ಗಾಡಿಯನ್ನೆಲ್ಲ ಹಿಂದೆ ಹಾಕಿದ. ಅಲ್ಲಿಂದ ಹಾನಗಲ್ಲಿನ ಕಡೆ ತಿರುಗಿದಾಗ ಗಾಳಿ ನೆಟ್ಟಗೆ ಮುಖಕ್ಕೇ ಬಂತು. ಗೋವಿನಜೋಳದ ಎಳೆಯ ಪೈರು ಬೆನ್ನು ಬಗ್ಗಿಸಿ ಮಲಗಿತ್ತು. ಬುಟ್ಟಿಗಳ ಗೋಣಿತಟ್ಟು ಪಟಪಟ ಬಡಿದುಕೊಳ್ಳುತ್ತಿತ್ತು. ಫಲಕದ ಮೇಲಿನ ಅಂಕಿ, ಓಡಿದ್ದಕ್ಕಿಂತ ಬೇಗ ಇಳಿಯಹತ್ತಿತು.

"ಇದ್ಯಾಕ ಹಿಂಗ ಇಳ್ಯಾಕತ್ತೇತಿ?" ಎಂದ ಫಕ್ಕೀರೇಶ.

"ಹೆದರಿ ಒತ್ತೀರೇನು ಕಾಕಾ?" ಎಂದಳು ಸಮತಾ, ಕಿಟಕಿಯ ಹೊರಗೆ ನೋಡುತ್ತ.

ಹಾನಗಲ್ಲಿನಲ್ಲಿ ರೂಢಿಯಂತೆ ಅವಳೇ ಇಳಿದು ಬುಟ್ಟಿಗಳಿಗೆ ನೀರು ಹೊಯ್ದಳು. ಅದೂ ತಾನು ದಿನವೂ ಹೊಯ್ಯುವಷ್ಟೇ, ಕಡಿಮೆಯಿಲ್ಲ, ಹೆಚ್ಚಿಲ್ಲ. ಮುಂದೆ ಅಕ್ಕಿಆಲೂರು ಹಿಂದಾಯಿತು. ತಿಳವಳ್ಳಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಗಾಡಿ ಮೆಲ್ಲಗಾಗಿ, ರಸ್ತೆಯ ಬದಿಗೆ ಸರಿದು, ನಿಂತಿತು. ಸಮತಾ ನಿಲ್ಲಿಸಿದ ಜಾಗವನ್ನು ಫಕ್ಕೀರೇಶ ಮುಟ್ಟಲೇ ಇಲ್ಲ.

ಅವನು ಇಳಿದು ಗಾಲಿಗೊಮ್ಮೆ ಒದ್ದ. "ಗಾಡೀನ ಸುಮಾರ ಐತಿ ಬಿಡ್ರಿ" ಎಂದ.

ಸಮತಾ ಈ ಮಾತಿಗಾಗಿಯೇ ಕಾದಂತಿತ್ತು. "ನಾ ನಿಲ್ಸಿದ್ರ ಕಾಲು ಸುಮಾರು, ನೀವು ನಿಲ್ಸಿದ್ರ ಗಾಡಿ ಸುಮಾರು. ಯಾಕ?"

ಅವನು ಬಗ್ಗಿ ಇನ್ನೊಂದು ಗಾಲಿ ನೋಡತೊಡಗಿದ. ಹುಸೇನಬಿಯೊಂದಿಗೆ ಕಾರಿನಿಂದ ಇಳಿದು ಬಂದ ಅತೀಕನ ಕಡೆ ಅವಳು ತಿರುಗಿದಳು. "ನೀ ಹೇಳಣ್ಣ. ಜಾಹೀರಾತಿನ್ಯಾಗ ಒಂದು, ಫಲಕದ ಮ್ಯಾಲೆ ಒಂದು, ರಸ್ತಾದಾಗ ಇನ್ನೊಂದು. ಯಾಕ?"

ಅತೀಕ ಮೊಬೈಲು ಕಿಸೆಗೆ ಇಟ್ಟ. ಅಂಗಡಿಯ ಮಾತು ಬಿಟ್ಟು ಓದಿದವನ ಮಾತು ಆಡಿದ್ದು ಆಗಲೇ. "ಜಾಹೀರಾತಿನ್ಯಾಗ ಇರೂದು ಟೆಸ್ಟಿನ ಅಂಕಿ ಅಕ್ಕಾ. ಗಾಡೀನ ಕೋಣ್ಯಾಗ ರೋಲರ್ ಮ್ಯಾಲೆ ನಿಲ್ಲಿಸಿ ಓಡಸ್ತಾರ. ಎದುರುಗಾಳಿ ಇಲ್ಲ, ನಿಮ್ಮ ಈ ಏರು ಇಲ್ಲ, ಹೊರಿ ಅಳತ್ಯಾಗ, ಸ್ಪೀಡು ಅಳತ್ಯಾಗ. ಎಲ್ಲಾ ಗಾಡಿಗೂ ಒಂದ ಪರೀಕ್ಷೆ. ಹಂಗಾಗಿ ಈ ಗಾಡಿ ಆ ಗಾಡಿ ಹೋಲ್ಸಿ ನೋಡಾಕ ಅದು ಬರೋಬರಿ. ನಿಮ್ಮ ರಸ್ತಾದ ಲೆಕ್ಕ ಅದಲ್ಲ."

"ಮತ್ತ ಫಲಕ?"

"ಅದಕ್ಕ ಮುಂದಿನ ದಾರಿ ಗೊತ್ತಿರಂಗಿಲ್ಲ. ಹಿಂದ ಹೆಂಗ ಓಡೇತಿ ನೋಡಿ ಅಂದಾಜು ಹೇಳ್ತೇತಿ. ಹೊಳ್ಳಿ ಬರೂ ಮುಂದ ಗಾಡಿ ಹೆಂಗಿರ್ತೇತಿ?"

"ಖಾಲಿ."

"ಗಾಳಿ?"

ಸಮತಾ ಬಂದ ದಾರಿಯ ಕಡೆ ತಿರುಗಿ ನೋಡಿದಳು. "ಬೆನ್ನಿಗೆ" ಎಂದಳು.

"ಅಷ್ಟ. ಖಾಲಿ ಗಾಡಿ, ಬೆನ್ನಿಗೆ ಗಾಳಿ ಇದ್ದ ದಿನದ್ದು ನೋಡಿ, ಮುಂಜಾನಿ ನಿಮಗ ದೊಡ್ಡ ಅಂಕಿ ತೋರ್ಸೇತಿ. ಬ್ಯಾಟರಿ ಅದ, ದಾರಿ ಬ್ಯಾರೆ." ಆಮೇಲೆ ಅವನೇ ಕೇಳಿದ: "ಹೊರಿ ಎಷ್ಟೈತಿ ಇವತ್ತು? ಒಜ್ಜಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಎಲೆಯನ್ನು ಎಣಿಸುತ್ತಾರೆ. ಎಲೆಯನ್ನು ತೂಗಿದವರನ್ನು ಸವಣೂರಿನಲ್ಲಿ ಯಾರೂ ಕಂಡಿಲ್ಲ.

"ಎಲಿಗೆ ಏನ್ ಒಜ್ಜಿ ಇರ್ತೇತಿ?" ಎಂದಳು ಹುಸೇನಬಿ, ಲಿಂಬೆಹಣ್ಣು ಮೂಸುತ್ತ. "ಗಾಳಿಗೆ ಹಾರಿ ಹೋಗೂ ವಸ್ತು."

ತಿಳವಳ್ಳಿಯಲ್ಲಿ ಗೋವಿನಜೋಳದ ಲಾರಿಗಳನ್ನು ತೂಗುವ ಕಾಟಾ ಇತ್ತು. ಗಾಡಿಯನ್ನು ಅಲ್ಲಿಗೆ ಎಳೆಸಿದರು. ಕಾಟಾದವನು ಎಲೆ ಹೊರೆ ಕಂಡು ನಕ್ಕ, ಅಂಕಿ ಕಂಡ ಮೇಲೆ ನಗು ನಿಲ್ಲಿಸಿದ. ಗಾಡಿ ಹೊರಬಹುದೆಂದು ಕಂಪನಿ ಹೇಳಿದ್ದಕ್ಕಿಂತ ಅರ್ಧದಷ್ಟು ಹೆಚ್ಚು ಹೊರೆ ಅದರ ಬೆನ್ನ ಮೇಲಿತ್ತು. ಸಮತಾ ಒಂದು ಬುಟ್ಟಿಯ ಗೋಣಿತಟ್ಟನ್ನು ಬಿಚ್ಚಿ ಎಲ್ಲರ ಮುಂದೆ ಹಿಂಡಿದಳು. ನೀರು ಧಾರೆಯಾಗಿ ಇಳಿದು ಕಾಟಾದ ಕಬ್ಬಿಣದ ಮೇಲೆ ಹರಿಯಿತು. ಇಷ್ಟು ದಿನ ಅವರು ಎಲೆಯ ಹೆಸರಿನಲ್ಲಿ ಸವಣೂರು, ಹಾನಗಲ್ಲಿನ ನೀರನ್ನು ಹಿರೇಕೆರೂರಿಗೆ ಸಾಗಿಸಿದ್ದರು. ಅದನ್ನು ಎದುರುಗಾಳಿಗೆ ಗೋಡೆಯಂತೆ ಎತ್ತರ ಪೇರಿಸಿ ಸಾಗಿಸಿದ್ದರು.

"ಹಾನಗಲ್ಲಿನ್ಯಾಗ ನೀರು ಹೊಯ್ದಾಕಿ ನಾನ" ಎಂದಳು ಸಮತಾ. "ಅಷ್ಟು ತಪ್ಪು ನಂದು. ಅಷ್ಟ ಒಪ್ತೇನಿ. ಉಳಿದದ್ದು ಒಪ್ಪಂಗಿಲ್ಲ."

ತಪ್ಪು ತಮ್ಮದಲ್ಲವೆಂದು ಸಾಧಿಸಿದವರಿಗೆ ನ್ಯಾಯ ತಾನಾಗಿ ಸಿಗುತ್ತದೆಂದು ನಂಬುವವರು ಸಭೆಗಳಲ್ಲಿ ಎಂದೂ ಕೂತವರಲ್ಲ. ಮರುದಿನ ಸಂಘ ಸೇರಿತು. ಗಾಡಿ ನಿಲ್ಲಲು ಯಾರೂ ಕಾರಣರಲ್ಲ ಎಂದು ಎಲ್ಲರೂ ಒಪ್ಪಿದರು. ಒಪ್ಪಿದ ಬಾಯಿಂದಲೇ, ಶ್ರಾವಣ ಮುಗಿಯುವ ತನಕ ಫಕ್ಕೀರೇಶನೇ ಓಡಿಸಲಿ ಎಂದರು. ಹಿರೇಕೆರೂರಿನವರಿಗೆ ಗಂಡಾಳು ಇದ್ದರೆ ಧೈರ್ಯವಂತೆ. ಸಮತಾ ಆಮೇಲೆ ಓಡಿಸಬಹುದು, ಅವಳದೇನು ವಯಸ್ಸು ಹೋಗಿದೆಯೇ?

"ಒಂದೆರಡು ತಿಂಗಳ ಮಾತು ತಂಗಿ. ಜರಾ ಹಿಂದ ಸರೀಬೇಕು ಮನಷ್ಯಾ" ಎಂದ ಫಕ್ಕೀರೇಶ ಸಮಾಧಾನದ ದನಿಯಲ್ಲಿ.

"ಯಾಕ?"

"ಮತ್ತ ಸುರು ಮಾಡಿದ್ಲು ನೋಡ್ರಿ 'ಯಾಕ'!"

"ಉತ್ತರ ಕೊಟ್ರ ನಿಲ್ಲಿಸ್ತೇನಿ. ನನಗಿಂತ ಮುಂದ ನೀವೂ ಹೋಗ್ಲಿಲ್ಲ. ಗಾಡಿ ಯಾಕ ನಿಂತಿತು ಅಂತ ಹುಡುಕ್ಯಾಡಿದವ್ರು ನೀವಲ್ಲ. ಹಿರೇಕೆರೂರಿನವ್ರಿಗೆ ಎಲಿ ಬೇಕೋ ಗಂಡಾಳು ಬೇಕೋ ಕೇಳ್ರಿ. ಗಂಡಾಳು ಬೇಕು ಅಂದ್ರ ನಿಮ್ಮನ್ನ ಬುಟ್ಟ್ಯಾಗ ಕುಂದ್ರಿಸಿ ಒಯ್ತೇನಿ."

ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕರು. ಫಕ್ಕೀರೇಶ ಅಧ್ಯಕ್ಷೆಯ ಮುಖ ನೋಡಿದ. ಕೀಲಿ ಇಟ್ಟು ಹೋಗು ಎಂದು ಹುಸೇನಬಿ ಸಮತಾಳಿಗೆ ಹೇಳಿದಳು. "ಇಡಂಗಿಲ್ಲ" ಎಂದು ಸಮತಾ ಹೊರಟುಹೋದಳು. ಅವಳ ಕೈಯಿಂದ ಕೀಲಿ ಕಿತ್ತುಕೊಳ್ಳಬೇಕಿತ್ತು. ಎದ್ದು ಹೋಗಿ ಕಿತ್ತುಕೊಳ್ಳಲು ಆ ಸಭೆಯಲ್ಲಿ ಯಾರೂ ತಯಾರಿರಲಿಲ್ಲ.

ಮಾರನೆಯ ಮುಂಜಾನೆ ಎಲೆ ಬರುವ ಮೊದಲೇ ಅವಳು ಗಾಡಿಯ ಬಳಿ ನಿಂತಿದ್ದಳು. ಪಕ್ಕದ ಅಂಗಡಿಯಿಂದ ಚೀಲ ತೂಗುವ ತಕ್ಕಡಿ ತರಿಸಿ ಹಿಂಬದಿಯ ಬಾಗಿಲಿಗೆ ಇಟ್ಟಿದ್ದಳು. ಬಂದ ಬುಟ್ಟಿಯನ್ನೆಲ್ಲ ಅದರ ಮೇಲೆ ಇಡಿಸಿದಳು. ತೊಯ್ದು ತೊಪ್ಪೆಯಾದದ್ದನ್ನು ಹಿಂದಕ್ಕೆ ಸರಿಸಿದಳು. ಪೇರಿಕೆ ಕ್ಯಾಬಿನ್ನಿನ ನೆತ್ತಿಯನ್ನು ದಾಟದಂತೆ ನೋಡಿಕೊಂಡಳು. ಹಾನಗಲ್ಲಿನಲ್ಲಿ ನೀರು ಹೊಯ್ಯುವ ಬದಲು ಗಾಡಿಗೆ ಚಾರ್ಜ್ ಹಾಕಿ ತಾನು ರೊಟ್ಟಿ ತಿನ್ನುವುದಾಗಿಯೂ, ಹಿರೇಕೆರೂರು ಮುಟ್ಟುವುದು ಅಷ್ಟು ತಡವಾಗುತ್ತದೆಂದೂ ಎಲ್ಲರಿಗೂ ಕೇಳುವಂತೆ ಹೇಳಿದಳು. ಗೊಣಗಾಟ ಎದ್ದಿತು. ಗಾಡಿ ಬೇಕಾದವರು ಗೊಣಗುತ್ತಲೇ ಗೋಣಿತಟ್ಟು ಹಿಂಡಹತ್ತಿದರು.

ಎಲ್ಲಕ್ಕಿಂತ ಹೆಚ್ಚು ನೀರು ಕುಡಿದ ಬುಟ್ಟಿಗಳು ಹುಸೇನಬಿಯವು. ಸಮತಾ ಅವನ್ನು ತಕ್ಕಡಿಯ ಮೇಲಿಂದ ಎತ್ತಿ ನೆಲಕ್ಕಿಟ್ಟಳು.

"ಅರೆ! ಅಧ್ಯಕ್ಷಿ ಬುಟ್ಟಿ ಇಳಸ್ತಿ ಏನ?" ಹುಸೇನಬಿ ಸೊಂಟಕ್ಕೆ ಕೈ ಇಟ್ಟಳು. "ಗಾಡಿ ಯಾರದ್ದು? ನಿನ್ನ ಈ ಗಾಡಿ ಮ್ಯಾಲೆ ಕುಂದ್ರಿಸಿದಾಕಿ ಯಾರು?"

"ನೀವ. ಅದಕ್ಕ ನಡುದಾರ್ಯಾಗ ನಿಲ್ಸಬಾರ್ದು ಅಂತ ಇಳ್ಸೇನಿ. ಹಿಂಡಿ ಕೊಡ್ರಿ, ಏರಸ್ತೇನಿ."

"ಹಿಂಡಲಿಲ್ಲ ಅಂದ್ರ?"

"ಫಕ್ಕೀರೇಶ ಕಾಕಾ ಅಲ್ಲೇ ಚಾ ಕುಡ್ಯಾಕತ್ತಾರ. ಕರೀರಿ. ಅವರ ತಲೀ ಮ್ಯಾಲೆ ಹೊರಸಿ ಕಳಸ್ರಿ."

ಹುಸೇನಬಿ ಚಹಾದಂಗಡಿಯ ಕಡೆ ನೋಡಿದಳು. ಫಕ್ಕೀರೇಶ ಬಶಿಯನ್ನು ತುಟಿಗೆ ಹಿಡಿದು ಬೇರೆಲ್ಲೋ ನೋಡುತ್ತಿದ್ದ. ಆಕೆ ಬೈಯುತ್ತ ಕುಕ್ಕರುಗಾಲಿನಲ್ಲಿ ಕೂತು ಗೋಣಿತಟ್ಟು ಬಿಚ್ಚಿದಳು. ಸಮತಾಳ ಅಹಂಕಾರವನ್ನು, ಅವಳನ್ನು ಹೆತ್ತವರನ್ನು, ಕರೆಂಟಿನ ಗಾಡಿ ಕಂಡುಹಿಡಿದವನನ್ನು ಒಬ್ಬೊಬ್ಬರನ್ನಾಗಿ ಬೈದಳು. ಬೈಗುಳ ಮುಗಿಯುವಷ್ಟರಲ್ಲಿ ನೀರೂ ಬಸಿದಿತ್ತು.

"ತಗೋ, ತೂಗು" ಎಂದು ಬುಟ್ಟಿ ದೂಡಿದಳು.

ಸಮತಾ ತೂಗಿದಳು. "ಇನ್ನೊಂದ್ ಸಲ ಹಿಂಡ್ರಿ" ಎಂದಳು.