ಸೊಸೆ ಕಲಿತ ಕನ್ನಡ

ನನ್ನ ಸೊಸೆ ನಾವಿರುವ ನ್ಯೂಜಿಲೆಂಡಿನ ಅಪ್ಪರ್ ಹಟ್ ಊರಿನಲ್ಲೇ ಹುಟ್ಟಿ ಬೆಳೆದ ಇಲ್ಲಿನ ಹುಡುಗಿ. ಪ್ರೈಮರಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಆರು ತಿಂಗಳಾಗಿತ್ತು. ಒಂದು ದಿನ ನಾನು ಮೈಸೂರಿನ ತಂಗಿಯ ಜೊತೆ ಮಾತು ಮುಗಿಸಿ ಫೋನ್ ಇಡುವುದನ್ನೇ ಕಾಯುತ್ತಿದ್ದವಳಂತೆ, "ನನಗೆ ಕನ್ನಡ ಕಲಿಸ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಯಾಕಮ್ಮ ಅಂದೆ.

"ತಂಗಿ ಜೊತೆ ಮಾತಾಡುವಾಗ ನೀವು ಕಣ್ಣಲ್ಲಿ ನೀರು ಬರೋ ಹಾಗೆ ನಗ್ತೀರಿ. ನಮ್ಮ ಜೊತೆ ಒಂದು ಸಲವೂ ಹಾಗೆ ನಕ್ಕಿಲ್ಲ."

ಅವಳು ಹೇಳಿದ್ದು ನಿಜ. ನನ್ನ ಗಂಡ ತೀರಿಕೊಂಡು ಆಗ ಎರಡು ವರ್ಷ. ಮಗನಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ, ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಎದುರಿಗೆ ಕೂತು ನನ್ನ ಜೊತೆ ಕನ್ನಡ ಆಡುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಮಗ ಸೊಸೆ ಇದ್ದದ್ದು ಬೇರೆ ಮನೆಯಲ್ಲಿ. ಹೀಗೆ ಪ್ರತಿ ಗುರುವಾರ ಅವಳು ಶಾಲೆ ಮುಗಿಸಿ ನೇರ ನಮ್ಮ ಮನೆಗೆ ಬರುವುದು ಶುರುವಾಯಿತು. ಮೊದಲ ದಿನವೇ ನಾನು ಮೂವತ್ತು ಪದ ಬರೆದಿಟ್ಟಿದ್ದೆ. ಅವಳು ಐದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ಸು ಕೊಟ್ಟಳು. ಹೊಸದು ಹೇಳಿಕೊಡುವ ಮೊದಲು ಹಳೆಯದನ್ನು ಕೇಳಬೇಕು, ಅದೂ ಅವಳು ಎದುರು ನೋಡದ ಹೊತ್ತಿನಲ್ಲಿ ಕೇಳಬೇಕು ಎಂದು ನನಗೇ ಪಾಠ ಮಾಡಿದಳು. ಶಾಲೆಯ ಮಕ್ಕಳಿಗೆ ಅವಳು ಹಾಗೇ ಕಲಿಸುತ್ತಿದ್ದಳಂತೆ. ನನಗೆ ಅದು ತಕ್ಷಣ ಸರಿ ಅನ್ನಿಸಿತು. ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಲ್ಲಿಗೆ ಬಂದ ಹೊಸದರಲ್ಲಿ ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದೆ. ಬೀದಿ ಮೂಲೆಯ ದಿನಸಿ ಅಂಗಡಿಗೆ ಹೋಗಿ ಅಂಗಡಿಯವನ ಮುಂದೆ ನಿಂತರೆ ಒಂದೂ ನಾಲಿಗೆಗೆ ಬರುತ್ತಿರಲಿಲ್ಲ.

ಅವಳಿಗೆ 'ಮೊನ್ನೆ' ಎಂಬ ಪದ ನಿಲ್ಲಲೇ ಇಲ್ಲ. ನಿನ್ನೆ, ನಾಳೆ ಬಂದವು. ಮೊನ್ನೆ ಕೇಳಿದರೆ ಮುಖ ಖಾಲಿ. ಪುಸ್ತಕದಲ್ಲಿ ಹತ್ತು ಸಲ ಬರೆದಳು, ಆಗಲಿಲ್ಲ. ಕೊನೆಗೆ ನಾನು, "ಮೊನ್ನೆ ನಿನ್ನ ಗಂಡ ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ, ಅಂತ ಹೇಳು ನೋಡೋಣ" ಅಂದೆ. ಅದು ನಿಜವಾಗಿ ನಡೆದದ್ದೇ. ಆಮೇಲೆ ಆ ಪದವನ್ನು ಅವಳು ಮರೆಯಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಪದಕ್ಕೂ ಮನೆಯಲ್ಲಿ ನಡೆದ ಒಂದು ಸಂಗತಿ ಹುಡುಕುವುದೇ ನಮ್ಮ ಕೆಲಸವಾಯಿತು.

ಒಂದು ಗುರುವಾರ ಕಾಫಿ ಬೆರೆಸುತ್ತಾ, "ಅತ್ತೆ, ನಿಮಗೆ ಇನ್ನೂ ಸ್ವಲ್ಪ ಹಾಳು ಬೇಕಾ?" ಅಂದಳು.

"ಬೇಡಮ್ಮ, ಆಗಿರೋ ಹಾಳೇ ಸಾಕು."

ಹಾಲಿಗೂ ಹಾಳಿಗೂ ಇರುವ ವ್ಯತ್ಯಾಸ ಹೇಳಿದ ಮೇಲೆ ಅವಳು ಅಡುಗೆಕಟ್ಟೆಗೆ ಒರಗಿ ನಕ್ಕಳು. ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆ. ಅವಳು ನಗು ನಿಲ್ಲಿಸಿ ನನ್ನನ್ನೇ ನೋಡುತ್ತಾ ನಿಂತದ್ದು ಚೆನ್ನಾಗಿ ನೆನಪಿದೆ.

ಮೂರನೆಯ ವರ್ಷಕ್ಕೆ ಅವಳು ನನ್ನ ಜೊತೆ ಅರ್ಧ ಗಂಟೆ ಕನ್ನಡದಲ್ಲೇ ಮಾತಾಡಬಲ್ಲವಳಾಗಿದ್ದಳು. ತಪ್ಪು ಬೇಕಾದಷ್ಟು. ಆದರೂ ಮಾತಾಡುತ್ತಿದ್ದಳು. ಅದೇ ವರ್ಷ ಅವಳ ಮತ್ತು ನನ್ನ ಮಗನ ನಡುವೆ ಮಾತು ನಿಂತಿತ್ತು. ನನಗೆ ಗೊತ್ತೇ ಆಗಲಿಲ್ಲ. ಒಂದು ಗುರುವಾರ ಬಂದವಳು ಪುಸ್ತಕ ತೆಗೆಯದೆ ಕೂತಳು.

"ಅತ್ತೆ, ನಾವಿಬ್ಬರೂ ಇನ್ನು... ಒಟ್ಟಿಗೆ ಇರೋದು..." ಎಂದು ನಿಲ್ಲಿಸಿದಳು. ಮುಂದಿನ ಪದಕ್ಕಾಗಿ ನನ್ನ ಮುಖ ನೋಡಿದಳು. ಪದ ಸಿಗದಿದ್ದಾಗಲೆಲ್ಲ ಹಾಗೆ ನೋಡುವುದು ಅವಳ ಅಭ್ಯಾಸ. ನಾನು ಹೇಳಿಕೊಡಲಿಲ್ಲ. ಉಳಿದದ್ದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮಕ್ಕಳು ಬೇಕೋ ಬೇಡವೋ ಎಂಬ ವಿಷಯವಿತ್ತು, ಮಗ ಕೆಲಸದಲ್ಲೇ ಮುಳುಗಿರುವ ವಿಷಯವಿತ್ತು. ಯಾರದು ತಪ್ಪು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಗ ಎರಡು ಸೂಟ್‌ಕೇಸ್ ಹಿಡಿದು ನನ್ನ ಮನೆಗೆ ಬಂದ. ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಒಂದು ವಾರದ ನಂತರ, ಅವಳು ಗುರುವಾರ ಇಲ್ಲಿಗೆ ಬರುವುದಾದರೆ ತಾನು ಬೇರೆ ಕಡೆ ಫ್ಲಾಟ್ ನೋಡಿಕೊಳ್ಳುತ್ತೇನೆ ಎಂದ. ಕೋಪದಲ್ಲಿ ಅಂದದ್ದಲ್ಲ. ತಲೆ ತಗ್ಗಿಸಿಕೊಂಡು ಅಂದ. "ಆಯ್ತಪ್ಪ, ಅವಳು ಬರಲ್ಲ" ಅಂದೆ.

ಅವಳ ಮೆಸೇಜ್ ಬಂತು. 'ಅತ್ತೆ, ಗುರುವಾರ ಬರಲಾ?' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಈ ವಾರ ಬೇಡಮ್ಮ, ಎಂದು ಉತ್ತರಿಸಿದೆ. ಮುಂದಿನ ವಾರವೂ ಅದನ್ನೇ ಬರೆದೆ. ಮೂರನೆಯದಕ್ಕೆ ಏನೂ ಬರೆಯಲಿಲ್ಲ. ಆಮೇಲೆ ಅವಳೂ ಕೇಳಲಿಲ್ಲ. ಮಗ ಕೇಳಿದ್ದಕ್ಕೆ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊರಗೆಲ್ಲಾದರೂ ಒಂದು ಕಾಫಿಗೆ ಕರೆಯುವುದನ್ನು ಯಾರೂ ತಡೆದಿರಲಿಲ್ಲ. ನಾನು ಕರೆಯಲಿಲ್ಲ, ಅಷ್ಟೆ.

ಒಂದೂವರೆ ವರ್ಷದ ಮೇಲೆ, ಹೋದ ಚಳಿಗಾಲದಲ್ಲಿ, ರಕ್ತ ಪರೀಕ್ಷೆಗೆಂದು ಕ್ಲಿನಿಕ್ಕಿಗೆ ಹೋಗಿ ಕಾಯುತ್ತಾ ಕೂತಿದ್ದೆ. ಬಾಗಿಲು ತಳ್ಳಿಕೊಂಡು ಬಂದವಳು ಅವಳೇ. ಕೂದಲು ಗಿಡ್ಡ ಮಾಡಿಸಿದ್ದಳು. ನನ್ನನ್ನು ನೋಡಿ ಒಂದು ಕ್ಷಣ ನಿಂತು, ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

"ಚೆನ್ನಾಗಿದೀರಾ, ಆಂಟಿ?"

ಇಲ್ಲಿನ ನಮ್ಮ ಜನರಲ್ಲಿ ವಯಸ್ಸಾದ ಹೆಂಗಸರೆಲ್ಲ ಎಲ್ಲರಿಗೂ ಆಂಟಿಯೇ. ಅವಳಿಗೆ 'ಅತ್ತೆ' ಎಂಬ ಆ ಪದ ಮರೆತಿತ್ತೋ, ಅಥವಾ ಬೇಕೆಂದೇ ಬಿಟ್ಟಳೋ, ನನಗೆ ತಿಳಿಯಲಿಲ್ಲ.

"ಚೆನ್ನಾಗಿದೀನಮ್ಮ. ನೀನು?"

"ನಾನು... ನಾನು ಶಾಲೆ... ಬೇರೆ..." ಎಂದು ತಡವರಿಸಿದಳು. ಕಣ್ಣು ಮುಚ್ಚಿಕೊಂಡು ಹುಡುಕಿದಳು. ಈ ಸಲ ನನ್ನ ಮುಖ ನೋಡಲಿಲ್ಲ. ಬೇರೆ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಹೊರಡುತ್ತೇನೆ ಎಂದು ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಮೊದಮೊದಲು ಕಾರಿನಲ್ಲಿ ಒಬ್ಬಳೇ ಜೋರಾಗಿ ಕನ್ನಡ ಹೇಳಿಕೊಳ್ಳುತ್ತಿದ್ದಳಂತೆ. ಕೇಳುವವರು, ತಿದ್ದುವವರು ಯಾರೂ ಇಲ್ಲದೆ ಪದಗಳು ಒಂದೊಂದಾಗಿ ಹೋದವು ಅಂದಳು.

"ತಪ್ಪು ನನ್ನದು ಕಣಮ್ಮ" ಅಂದೆ, ಕನ್ನಡದಲ್ಲಿ. ಅವಳು ಕೇಳಿಸಿಕೊಂಡಳು, ಆದರೆ ಅರ್ಥವಾಗಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಮತ್ತೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ನನ್ನನ್ನು ಕರೆದರು. ನಾನು ಎದ್ದಾಗ ಅವಳು ನನ್ನ ಕೈ ಹಿಡಿದು, "ಹೋಗ್ತೀನಿ" ಅಂದಳು. ನಮ್ಮಲ್ಲಿ ಹೊರಡುವಾಗ ಹಾಗೆ ಅನ್ನುವುದಿಲ್ಲ, ಬರ್ತೀನಿ ಅನ್ನಬೇಕು. ನಾನು ತಿದ್ದಲಿಲ್ಲ. ಹೊರಗೆ ಬರುವಷ್ಟರಲ್ಲಿ ಅವಳನ್ನೂ ಇನ್ನೊಂದು ಕೋಣೆಗೆ ಕರೆದಿದ್ದರು. ಸ್ವಲ್ಪ ಹೊತ್ತು ಕಾದು, ಬಸ್ ಹಿಡಿದೆ.

ಸಂಜೆ ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ, ಅವಳು ಸಿಕ್ಕಿದ್ದಳು ಅಂತ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ, "ಕನ್ನಡದಲ್ಲಿ ಮಾತಾಡಿದ್ಳಾ?" ಎಂದು ಕೇಳಿದ. ಕನ್ನಡದಲ್ಲೇ ಕೇಳಿದ.

"ಸ್ವಲ್ಪ" ಅಂದೆ. ಅವನಿಗೆ ಇನ್ನಷ್ಟು ಅನ್ನ ಬಡಿಸಿದೆ.