ಗೇಟಿನ ಹೊರಗೆ ನಿಂತು ಹೇಳುವ ಸುದ್ದಿ

ಅವರ ಬಲಗೈಯ ಹೆಬ್ಬೆರಳನ್ನು ಯಾವ ಫೋನೂ ಗುರುತಿಸುತ್ತಿರಲಿಲ್ಲ. ಸಿಟಿ ಬಸ್ಸಿನಲ್ಲಿ ವರ್ಷಗಟ್ಟಲೆ ಟಿಕೆಟ್ ಹರಿದು ಅದರ ಗೆರೆಗಳೆಲ್ಲ ಅಳಿಸಿಹೋಗಿ, ತುದಿ ಚಪ್ಪಟೆಯಾಗಿ ನುಣ್ಣಗೆ ಹೊಳೆಯುತ್ತಿತ್ತು. ಒಮ್ಮೆ ಒತ್ತುವರು, ಆಗದಿದ್ದರೆ ಲುಂಗಿಗೆ ಒರೆಸಿ ಮತ್ತೆ ಒತ್ತುವರು. ಅಂತೂ ಮೆಸೇಜು ಹೋಯಿತೆಂದರೆ "ರೈಟ್, ಪೋಯಿ" ಎನ್ನುವರು. ಬಸ್ಸಿನಲ್ಲಿ ಡ್ರೈವರಿಗೆ ಹೇಳುತ್ತಿದ್ದ ತುಳು ಮಾತು ಅದು, ಹೊರಡೋಣ ಎಂದು. ಕೆಲಸ ಬಿಟ್ಟ ಮೇಲೂ, ಊಟ ಮುಗಿಸಿ ಏಳುವಾಗಲೂ ಅದನ್ನೇ ಹೇಳುತ್ತಿದ್ದರು.

ಕೊಟ್ಟಾರದಲ್ಲಿ ನಮ್ಮ ಎದುರು ಮನೆ ಅವರದು. ಓಣಿಗೆಲ್ಲ ಅವರು ಕಂಡಕ್ಟರಣ್ಣ. ಅಲ್ಲಿ ಯಾರು ತೀರಿಕೊಂಡರೂ ಸುದ್ದಿ ಮುಟ್ಟಿಸುವವರು ಅವರೇ. ಯಾರೂ ವಹಿಸಿದ ಕೆಲಸವಲ್ಲ. ಬಸ್ಸಿನಿಂದಾಗಿ ಯಾರ ಮನೆ ಎಲ್ಲಿ, ಯಾರಿಗೆ ಯಾರು ನೆಂಟರು ಎಂಬುದು ಅವರಿಗೆ ಗೊತ್ತಿತ್ತು, ಅಷ್ಟೆ. ಹಳೆಯ ಸ್ಕೂಟರಿನಲ್ಲಿ ಹೋಗಿ, ಗೇಟಿನ ಹೊರಗೇ ನಿಂತು, ಹೆಲ್ಮೆಟ್ ತೆಗೆದು ಹೇಳುವರು. ಒಳಗೆ ಕೂರುತ್ತಿರಲಿಲ್ಲ, ನೀರು ಕುಡಿಯುತ್ತಿರಲಿಲ್ಲ, ಹೊರಡುವಾಗ "ಬರ್ತೇನೆ" ಎನ್ನುತ್ತಿರಲಿಲ್ಲ. "ಇಂಥ ಸುದ್ದಿ ತಂದವ ಪುನಃ ಬರ್ತೇನೆ ಅಂತ ಹೇಳ್ಲಿಕ್ಕುಂಟಾ?" ಎಂದು ನನ್ನನ್ನೇ ಕೇಳಿದ್ದರು.

ನನ್ನ ಅಮ್ಮ ಹೋದ ದಿನ ಅವರು ಬಂದು ಕೇಳಿದ್ದು ಒಂದೇ ಮಾತು: "ಅಮ್ಮನ ಮುಖ ನೋಡ್ಲೇಬೇಕಾದವರು ಯಾರುಂಟು, ತಂಗಿ?" ಬಂದರಿನಲ್ಲಿರುವ ದೊಡ್ಡಮ್ಮ ಎಂದೆ. ಅವರೇ ಹೋಗಿ ದೊಡ್ಡಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ದೊಡ್ಡಮ್ಮ ಅಮ್ಮನ ಕೆನ್ನೆ ಮುಟ್ಟಿ, ತಲೆಗೂದಲು ಸರಿಮಾಡಿ, ಬಹಳ ಹೊತ್ತು ಪಕ್ಕದಲ್ಲಿ ಕುಳಿತಿದ್ದರು. ಆ ದಿನದ್ದೆಂದು ನನಗೆ ಈಗ ನೆನಪಾಗುವುದು ಆ ಹೊತ್ತು ಮಾತ್ರ.

ಮಂಡಿನೋವು ಶುರುವಾದ ಮೇಲೆ ಕಂಡಕ್ಟರಣ್ಣ ಸ್ಕೂಟರ್ ಬಿಟ್ಟು ಫೋನಿಗೆ ಬಂದರು. ಓಣಿಯವರ ಒಂದು ಗ್ರೂಪ್ ಇತ್ತು. ಮೊದಲ ಸಲ ಅದರಲ್ಲಿ ಒಬ್ಬರ ಮರಣದ ಸುದ್ದಿ ಹಾಕಿದಾಗ ಯಾರೋ ಕೈತಪ್ಪಿ ನಗುವ ಮುಖ ಒತ್ತಿಬಿಟ್ಟರು. ಕೆಳಗೆ ಸೀರೆ ಸೇಲ್, ಅದರ ಕೆಳಗೆ ಶುಭೋದಯ. ಕಂಡಕ್ಟರಣ್ಣ ಫೋನ್ ನನ್ನ ಮುಂದೆ ಹಿಡಿದರು. "ಸತ್ತವರ ಎದುರು ಇವ ಹಲ್ಲು ಬಿಡುವುದು ನೋಡು." ಅಂದಿನಿಂದ ಗ್ರೂಪ್ ಬಿಟ್ಟು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸತೊಡಗಿದರು, ಒಂದೊಂದು ಗೇಟಿನ ಮುಂದೆ ನಿಂತ ಹಾಗೆ. ಬೆಳಿಗ್ಗೆ ಜಗಲಿಯಲ್ಲಿ ಕುಳಿತರೆ ಮಧ್ಯಾಹ್ನದವರೆಗೂ ಅದೇ ಕೆಲಸ. ಸ್ವಲ್ಪ ದಿನದಲ್ಲಿ ಅವರ ಫೋನ್ ತುಂಬ ಶವ ಇಡುವ ಫ್ರೀಜರಿನ ಜಾಹೀರಾತು ಬರತೊಡಗಿತು. "ನನಗೆ ಮೊದಲೇ ಬುಕ್ ಮಾಡ್ಲಿಕ್ಕೆ ಹೇಳ್ತದೆ" ಎಂದು ನಕ್ಕಿದ್ದರು.

ಒಂದು ಬೆಳಿಗ್ಗೆ ಅವರ ಮೆಸೇಜಿನ ಖಾತೆ ಮುಚ್ಚಿತ್ತು. ನನ್ನನ್ನು ಕರೆದು ಓದಿಸಿದರು. ಅನಪೇಕ್ಷಿತ ಸಂದೇಶ ಕಳಿಸುತ್ತಿರುವುದರಿಂದ ತಡೆಹಿಡಿಯಲಾಗಿದೆ ಎಂದಿತ್ತು.

"ಹಾಗಂದ್ರೆ ಎಂತ?"

"ಯಾರಿಗೂ ಬೇಡದ ಮೆಸೇಜು ಅಂತ, ಅಣ್ಣ."

"ಅದು ಸರಿಯೇ ಮಾರಾಯ್ತಿ. ಸಾವಿನ ಸುದ್ದಿ ಯಾರಿಗೆ ಬೇಕು?" ಎಂದರು. ಫೋನ್ ಕೆಳಗಿಟ್ಟು, "ಆದ್ರೆ ಅವರಿಗೆ ಹೇಳ್ಬೇಕಲ್ಲ" ಎಂದರು.

ನಾನು ಅವರ ಪರವಾಗಿ ಮೇಲ್ ಬರೆದೆ. ನಿಮ್ಮ ಮನವಿ ತಲುಪಿದೆ ಎಂದು ಕೂಡಲೇ ಬಂತು. ಮತ್ತೆ ಬರೆದೆ, ಅದೇ ಸಾಲು ಮತ್ತೆ ಬಂತು. ಫೋನ್ ಮಾಡಲು ನಂಬರ್ ಹುಡುಕಿದರೆ ಸಿಗಲಿಲ್ಲ. ಕಂಪೆನಿಯ ಆಫೀಸು ಎಲ್ಲಿ ಉಂಟು, ಬಸ್ಸಿನಲ್ಲಿ ಹೋಗಿ ಬರಬಹುದಾ ಎಂದು ಅವರು ನಿಜವಾಗಿಯೇ ಕೇಳಿದರು.

"ಅಷ್ಟು ದೊಡ್ಡ ಕಂಪೆನಿಯಲ್ಲಿ ಮಾತಾಡ್ಲಿಕ್ಕೆ ಒಬ್ಬ ಮನುಷ್ಯ ಇಲ್ವಾ? ನಮ್ಮ ಬಸ್ಸಿನಲ್ಲಿ ಬೈಲಿಕ್ಕಾದ್ರೂ ನಾನೊಬ್ಬ ಇದ್ದೆ."

ಹೊಸ ಸಿಮ್ ತೆಗೆದುಕೊಂಡರು. ಅದರಿಂದ ಕರೆ ಮಾಡಿದರೆ ಎದುರಿನ ಫೋನಿನಲ್ಲಿ ಮೋಸದ ಕರೆ ಇರಬಹುದು ಎಂದು ಕೆಂಪಕ್ಷರ ಬರುತ್ತಿತ್ತಂತೆ, ಯಾರೂ ಎತ್ತುತ್ತಿರಲಿಲ್ಲ. ಕೊನೆಗೆ ಪುನಃ ಸ್ಕೂಟರ್ ಹೊರಗೆ ಬಂತು. "ಈ ಮಂಡಿ ಇಟ್ಕೊಂಡು ನಂತೂರಿನ ಲಾರಿಗಳ ಎಡೆಯಲ್ಲಿ ಹೋಗ್ತೀರಾ?" ಎಂದು ಅವರ ಹೆಂಡತಿ, ನನಗೆ ಅತ್ತಿಗೆ, ಗೇಟಿಗೆ ಅಡ್ಡ ನಿಂತು ಬೈದರು. ಅಣ್ಣ ಕಿಕ್ ಹೊಡೆದರು. ಅದೂ ಮೂರ್ನಾಲ್ಕು ಸಲ ಆದ ಮೇಲೆಯೇ ಸ್ಟಾರ್ಟ್ ಆಯಿತು. ನನ್ನ ಮೇಲ್‌ಗೆ ಉತ್ತರ ಇಂದಿಗೂ ಬಂದಿಲ್ಲ.

ಕಳೆದ ಸೆಕೆಗಾಲದಲ್ಲಿ, ಬೆಳಗಿನ ಚಹಾದ ಗ್ಲಾಸು ಕೈಯಲ್ಲಿರುವಾಗಲೇ, ಅದೇ ಜಗಲಿಯಲ್ಲಿ ಅವರು ಹೋದರು.

ಅವರ ಮಗ ತನ್ನ ಖಾತೆಯಲ್ಲಿ ಫೋಟೋ ಸಹಿತ ಸುದ್ದಿ ಹಾಕಿದ. ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಬಿದ್ದವು. ಅಂಗಳದಲ್ಲಿ ತಂದಿಟ್ಟ ಕುರ್ಚಿಗಳು ಹೆಚ್ಚಿನವು ಖಾಲಿ ಇದ್ದವು. ಕೆಲವರಿಗೆ ಆ ಪೋಸ್ಟ್ ಕಾಣಿಸಿದ್ದೇ ಮರುವಾರ ಎಂದು ಆಮೇಲೆ ತಿಳಿಯಿತು. ಅವರು ಸುದ್ದಿ ಮುಟ್ಟಿಸುತ್ತಿದ್ದ ಅಷ್ಟೂ ಮನೆಗಳಿಗೆ ಹೇಳುವವರು ಯಾರು ಎಂದು ಅಲ್ಲಿದ್ದವರಿಗೆ ಹೊಳೆಯಲಿಲ್ಲ, ಹೇಳಬೇಕಾದವರು ಒಳಗೆ ಮಲಗಿದ್ದರು. ನಾನು ಅತ್ತಿಗೆಯ ಬಳಿ ಕುಳಿತು ಕೇಳಿದೆ, "ಅಣ್ಣನ ಮುಖ ನೋಡ್ಲೇಬೇಕಾದವರು ಯಾರುಂಟು?"

ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಡ್ರೈವರ್."

ಅಣ್ಣನ ಬಸ್ಸನ್ನು ಕೊನೆಯವರೆಗೆ ಓಡಿಸಿದವರು. ಬಂದರಿನಲ್ಲಿ, ಮೆಣಸಿನ ಗೋದಾಮಿನ ಹಿಂದೆ ಅವರ ಮನೆ. ಆಟೋ ಹಿಡಿದು ಹೋದೆ. ಗೇಟಿನ ಹೊರಗೇ ನಿಂತು ಹೇಳಿದೆ. ಅವರು ಬನಿಯನ್ನಿನಲ್ಲೇ ಗೇಟಿನ ಬಳಿ ಬಂದಿದ್ದರು.

"ಫೋನಲ್ಲಿ ನೋಡಿದ್ದಾ? ಅದರಲ್ಲಿ ಬದುಕಿದವರನ್ನೂ ಸಾಯಿಸ್ತಾರೆ ಮಾರಾಯ್ರೆ."

"ಅಲ್ಲ. ನಾನು ಅವರ ಹತ್ತಿರದಿಂದಲೇ ಬಂದದ್ದು."

ಅವರು ಗೇಟು ಹಿಡಿದುಕೊಂಡರು. "ಬಿಸಿಲಿಗೆ ಬಂದಿದ್ದೀರಿ, ನೀರಾದ್ರೂ..." ಎಂದರು.

"ಬೇಡ. ಸಂಜೆಯೊಳಗೆ ಎತ್ತುತ್ತಾರೆ."

ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡೇ ಅವರು ನನ್ನ ಆಟೋಕ್ಕೆ ಹತ್ತಿದರು. ಸಿಗ್ನಲ್ ಬಂದಾಗಲೆಲ್ಲ ಅವರ ಬಲಗಾಲು ಬ್ರೇಕ್ ಹುಡುಕುವಂತೆ ನೆಲಕ್ಕೆ ಒತ್ತುತ್ತಿತ್ತು.

ನಾವು ಮುಟ್ಟುವಾಗ ಎಲ್ಲ ಸಿದ್ಧವಾಗಿತ್ತು. ಡ್ರೈವರ್ ನೇರ ಹೋಗಿ ತಲೆಯ ಬಳಿ ಕುಕ್ಕರಗಾಲಿನಲ್ಲಿ ಕುಳಿತರು. ಮುಖ ನೋಡಿದರು. ಆ ಸವೆದ ಹೆಬ್ಬೆರಳನ್ನು ತಮ್ಮ ಮುಷ್ಟಿಯೊಳಗೆ ಹಿಡಿದುಕೊಂಡರು. ಹೊರುವವರು ಕಾಯುತ್ತ ನಿಂತಿದ್ದರು, ಯಾರಿಗೂ ಹೊತ್ತಾಯಿತು ಎನ್ನುವ ಧೈರ್ಯವಿರಲಿಲ್ಲ. ಕೊನೆಗೆ ಅವರೇ ಕೈ ಬಿಟ್ಟು, ಅಣ್ಣನ ಕಿವಿಯ ಹತ್ತಿರ ಬಾಗಿದರು.

"ರೈಟ್, ಪೋಯಿ."

ಆಮೇಲೆ ಎತ್ತಿದರು.