ಸೆಫ್ವಿಯವರ ಕಡೆ ಕುಳಿತ ದಿನ

ಮನೆಗೆ ಬನ್ನಿ ಬನ್ನಿ ಎಂದು ಕರೆದವಳೇ, ನಾವು ಹೋಗಿ ಕುಳಿತಾಗ ಎರಡು ಲೋಟ ತಣ್ಣೀರು ಕೊಟ್ಟಳು. ಕುಡಿದು ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ "ಈಗ ಹೇಳಿ, ಯಾಕೆ ಬಂದ್ರಿ?" ಎಂದು ಕೇಳಿದಳು. ನನ್ನ ಗಂಡ ಹುಬ್ಬಳ್ಳಿಯವರು. ತಟ್ಟನೆ ಎದ್ದು ನಿಂತರು. "ನಡಿ, ಹೋಗೋಣು. ಕರದು ಮಾನಾ ಕಳಿಯೂ ಮಂದಿ" ಎಂದರು, ಕನ್ನಡದಲ್ಲೇ.

ಕಂಫರ್ಟ್ ನಕ್ಕಳು. ಅವಳು ಘಾನಾ ದೇಶದವಳು, ಅಮೆರಿಕದ ಡಾಲಸ್ ಹತ್ತಿರದ ಇರ್ವಿಂಗ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಅಲ್ಲಿಯೇ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವರಲ್ಲಿ ಮನೆಗೆ ಬಂದವರಿಗೆ ನೀರು ಕೊಟ್ಟು, ಕಾರಣ ಗೊತ್ತಿದ್ದರೂ ಬಂದ ಕಾರಣವನ್ನು ಕೇಳಬೇಕು. ಕೇಳದಿದ್ದರೆ ಅವಮಾನ. "ಒಳ್ಳೆಯದಕ್ಕೇ ಬಂದಿದ್ದೇವೆ, ಊಟಕ್ಕೆ" ಎಂದೆ. ಸರಿಯಾದ ಉತ್ತರ ಅದೇ ಅಂತೆ. ಗಂಡ ಕುಳಿತರು. ಮೀನು ಹಾಕಿದ ಖಾರದ ಸಾರು ಬಂತು. ಅವರು ಅದನ್ನು ಮುಟ್ಟಲಿಲ್ಲ, ನಾನು ಎರಡು ಸಲ ಬಡಿಸಿಕೊಂಡೆ.

ನಾನು ಬಂಟ್ವಾಳದ ಕಡೆಯವಳು. ಅಮ್ಮ ಬೀಡಿ ಕಟ್ಟಿ ಓದಿಸಿದರು. ನಮ್ಮ ಕುಟುಂಬದಲ್ಲಿ ಪದವಿ ಪಡೆದವಳು ನಾನೇ ಮೊದಲು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನ ಅಪಾರ್ಟ್‌ಮೆಂಟಿನ ಗೋಡೆಗೆ ತೂಗುಹಾಕಿದ್ದೇನೆ. ವಿಮಾನ ತಲೆಯ ಮೇಲೆ ಹಾದಾಗ ಅದು ಸ್ವಲ್ಪ ನಡುಗುತ್ತದೆ. ನೋಡಿ ನಗುವವರು ನಗಲಿ. ತವರಿನಲ್ಲಿ ನಮ್ಮದು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಇಲ್ಲಿಯ ಯುಗಾದಿ ಕೂಟದಲ್ಲಿ ಮೈಸೂರಿನ ಆಂಟಿಯೊಬ್ಬರು, "ಏನಮ್ಮಾ, ಪೇಪರ್ ಓದಿದ ಹಾಗೆ ಮಾತಾಡ್ತೀಯಲ್ಲ!" ಎಂದು ಎಲ್ಲರನ್ನೂ ನಗಿಸಿದರು. ನಮ್ಮ ಮನೆಮಾತು ತುಳು ಎಂದು ವಿವರಿಸುವುದನ್ನು ಆಮೇಲೆ ಬಿಟ್ಟೆ.

ಕಂಫರ್ಟ್‌ಗೆ ವಿವರಿಸಬೇಕಾಗಲಿಲ್ಲ. ಅವಳು ಸೆಫ್ವಿ. ಘಾನಾದ ಪಶ್ಚಿಮದ ಕಾಡುಸೀಮೆಯ, ಕೋಕೋ ಬೆಳೆಯುವ ಜನ. ಅಕಾನ್ ಎಂಬ ದೊಡ್ಡ ಬಳಗದಲ್ಲಿ ಅವರೂ ಸೇರಿದ್ದಾರೆ, ಆದರೆ ಮಾತು ಬೇರೆ. ಹಿಂದೆ ಅವರನ್ನು ಆಳಿದವರು ಅದೇ ಬಳಗದ ಅಸಾಂಟೆಗಳು. ಅಸಾಂಟೆಗಳ ಟ್ವಿ ಭಾಷೆ ಎಲ್ಲರಿಗೂ ಬರುತ್ತದೆ. ಡಾಲಸ್‌ನಲ್ಲಿ ಘಾನಾದವರ ಪ್ರಾರ್ಥನೆ, ಮದುವೆ, ಸಾವು ಎಲ್ಲ ಟ್ವಿಯಲ್ಲೇ. ಸೆಫ್ವಿ ಎಂದರೆ "ಓಹೋ, ಕಾಡಿನವರು" ಎನ್ನುತ್ತಾರಂತೆ. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ, ಮನೆಯ ಹಿರಿತನ ಸೋದರಮಾವನದು ಎಂದು ಅವಳು ಹೇಳಿದಾಗ, ನಮ್ಮಲ್ಲೂ ಬರಿ, ಅಂದರೆ ಕುಲದ ಹೆಸರು, ತಾಯಿಯಿಂದಲೇ ಬರುವುದು ಎಂದೆ.

"ಹಾಗಾದ್ರೆ ನೀನು ನಮ್ಮವಳೇ. ಪಾಪ, ನಿನ್ನ ಗಂಡ!" ಎಂದಳು.

ಮುಂದಿನ ವರ್ಷ ಅವಳ ತಂಗಿ ಮರ್ಸಿಗೆ ಆಸ್ಟಿನ್‌ನ ಹುಡುಗನೊಬ್ಬ ಒಪ್ಪಿಗೆಯಾದ. ಅವನು ಅಸಾಂಟೆ. ಹುಡುಗನ ಕಡೆಯವರು ಮದ್ಯದ ಬಾಟಲಿ ಹಿಡಿದು ಹೆಣ್ಣಿನ ಮನೆಗೆ ಬರುವ ಶಾಸ್ತ್ರಕ್ಕೆ ಬಾಗಿಲು ತಟ್ಟುವುದು ಎನ್ನುತ್ತಾರೆ. ಕಂಫರ್ಟ್ ನನಗೆ ಫೋನ್ ಮಾಡಿದಳು. "ಅವರ ಕಡೆ ವ್ಯಾನ್ ತುಂಬ ಜನ. ನಮ್ಮ ಕಡೆ ಕುರ್ಚಿ ಖಾಲಿ. ಸೀರೆ ಉಟ್ಟು ಬಂದು ಕೂತ್ಕೋ."

ಹೋದಾಗ ಅಡಿಗೆಮನೆಯಲ್ಲಿ ಜಗಳ ನಡೆಯುತ್ತಿತ್ತು. ಹ್ಯೂಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಅವಳ ಅಣ್ಣ ಜೋಸೆಫ್, ಮಾವಂದಿರು ಊರಿನಲ್ಲಿರುವುದರಿಂದ, ಇಲ್ಲಿ ಮನೆಯ ಹಿರಿಯ. ಬಂದ ಕಾರಣ ಕೇಳಬೇಕಾದವನು ಅವನೇ. ಸೆಫ್ವಿಯಲ್ಲೇ ಕೇಳಬೇಕೆಂದು ಕಂಫರ್ಟ್ ಹಟ ಹಿಡಿದಿದ್ದಳು. ನನಗೆ ತಿಳಿಯಲಿ ಎಂದು ಇಬ್ಬರೂ ಇಂಗ್ಲಿಷಿನಲ್ಲಿ ಜಗಳವಾಡಿದರು.

"ಅವರಿಗೆ ಅರ್ಥ ಆಗಲ್ಲ. ಬೇಕಂತಲೇ ಅವಮಾನ ಮಾಡಿದ್ರು ಅಂತ ಎದ್ದು ಹೋದ್ರೆ?" ಎಂದ ಜೋಸೆಫ್.

"ಹೋಗ್ಲಿ. ನಮ್ಮ ಮನೆ ಹುಡುಗಿ, ನಮ್ಮ ಬಾಗಿಲು. ಮಾತು ಮಾತ್ರ ಅವರದ್ದಾ?"

"ಸೆಫ್ವಿ ಅಂದ್ರೆ ಯುದ್ಧ ಮುಗೀತು ಅಂತ ಅರ್ಥ ಅಂತಿದ್ದ ಅಜ್ಜ. ಸುಳ್ಳು! ಅದು ಡಾಲಸ್‌ಗೆ ಶಿಫ್ಟ್ ಆಗಿದೆ."

ಮರ್ಸಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸೆಫ್ವಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಕ್ಕಾ, ಇದು ನನ್ನ ಮದುವೆ" ಎಂದಳು. ಅಷ್ಟರಲ್ಲಿ ಹೊರಗೆ ಬಾಗಿಲು ತಟ್ಟಿದ ಸದ್ದಾಯಿತು.

ಬಂದವರು ಎದುರಿಗೆ ಕುಳಿತರು. ನಾನೇ ನೀರು ಕೊಟ್ಟೆ. ಜೋಸೆಫ್ ಗಂಟಲು ಸರಿಮಾಡಿಕೊಂಡು ಕಂಫರ್ಟ್ ಮುಖ ನೋಡಿದ. ಆಮೇಲೆ ಸೆಫ್ವಿಯಲ್ಲೇ ಕೇಳಿದ.

ಎದುರಿನವರು ಲೋಟ ಹಿಡಿದುಕೊಂಡೇ ಕುಳಿತರು. ಹುಡುಗನ ಮಾವ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ. ಇನ್ನೊಬ್ಬ ಬಾಟಲಿಗಳ ಚೀಲವನ್ನು ತನ್ನ ಕಡೆ ಎಳೆದುಕೊಂಡ. ಮರ್ಸಿ ಒಳಗಿನ ಕೋಣೆಯಲ್ಲಿದ್ದಳು, ಬಾಗಿಲು ಒಂದಿಷ್ಟು ತೆರೆದಿತ್ತು.

ಕೊನೆಯ ಕುರ್ಚಿಯಲ್ಲಿದ್ದ ಮುದುಕಿ, ಹುಡುಗನ ದೊಡ್ಡಮ್ಮ, ಲೋಟ ಕೆಳಗಿಟ್ಟು ಸೆಫ್ವಿಯಲ್ಲಿ ಉತ್ತರ ಕೊಟ್ಟಳು. ತಡವರಿಸಲಿಲ್ಲ. ಜೋಸೆಫ್ ಬಾಯಿ ತೆರೆದುಕೊಂಡು ಕುಳಿತ. ಆಮೇಲೆ ಅವಳು ನಮಗೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮಪ್ಪ ಕೋಕೋ ಬೆಳೆಯೋದಕ್ಕೆ ಇವರ ಸೀಮೆಗೆ ವಲಸೆ ಹೋದ. ನಾನು ಬೆಳೆದದ್ದು ಅಲ್ಲೇ. ಆಗ ಇವರು ನಮ್ಮನ್ನ ಪರದೇಶಿಗಳು ಅಂತಿದ್ರು. ಇವರ ಮಾತು ಬರದಿದ್ರೆ ನೀರಿನ ಹತ್ರ ನಮ್ಮ ಸರದೀನೇ ಬರ್ತಿರ್ಲಿಲ್ಲ."

ಕಂಫರ್ಟ್ ನೆಲ ನೋಡಿದಳು. ಚೀಲ ಮತ್ತೆ ಮುಂದೆ ಬಂತು, ಬಾಟಲಿ ಹೊರಗೆ ಬಂತು. ಒಪ್ಪಿಗೆ, ತಮಾಷೆ, ಚೌಕಾಸಿ ಎಲ್ಲ ಟ್ವಿಯಲ್ಲೇ ಆಯಿತು. ಕಂಫರ್ಟ್ ಅಡ್ಡ ಮಾತಾಡಲಿಲ್ಲ.

ಎಲ್ಲರೂ ಹೋದ ಮೇಲೆ ಕಂಫರ್ಟ್ ಮತ್ತು ನಾನು ತಟ್ಟೆ ತೊಳೆಯುತ್ತಿದ್ದೆವು. "ಒಂದು ಪ್ರಶ್ನೆ, ಒಂದು ಉತ್ತರ. ನಮ್ಮ ಮಾತಿಗೆ ಅಷ್ಟೇ ಸಿಕ್ಕಿದ್ದು" ಎಂದಳು.

"ಅಷ್ಟಾದರೂ ಸಿಕ್ಕಿತಲ್ಲ" ಎಂದೆ.

"ನಿನ್ನ ಮಗಳ ಬಾಗಿಲು ತಟ್ಟೋ ದಿನ ನಾನು ನಿನ್ನ ಕಡೆ ಕೂರ್ತೀನಿ. ಯಾವ ಮಾತಲ್ಲಿ ಕೇಳ್ತೀರಿ?"

ತುಳುವಿನಲ್ಲಿ ಕೇಳಬೇಕಾದ ನನ್ನ ಅಣ್ಣ ಬಂಟ್ವಾಳದಲ್ಲಿದ್ದಾನೆ. ಗಂಡ ಕೇಳಿದರೆ ಹುಬ್ಬಳ್ಳಿ ಕನ್ನಡ. ಮಗಳು ಎರಡನ್ನೂ ಕೇಳಿಸಿಕೊಂಡು "ಓಕೆ ಮಾಮ್" ಎನ್ನುತ್ತಾಳೆ. ಇದನ್ನೆಲ್ಲ ನಾನು ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ.

"ಅವಳಿಗಿನ್ನೂ ಆರು ವರ್ಷ" ಎಂದೆ.

"ಮರ್ಸಿಯನ್ನ ಈ ದೇಶಕ್ಕೆ ಕರ್ಕೊಂಡು ಬಂದಾಗ ಅವಳಿಗೂ ಆರೇ" ಎಂದು ಕಂಫರ್ಟ್ ಇನ್ನೊಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.